ಘಟ್ಟದ ರಸ್ತೆಗೆ ನಡೆಯಬಲ್ಲ ಬೂಟು

ಪರಿಸರದ ಪತ್ರಿಕೆಯಲ್ಲಿ ಬೂಟಿನ ವಿಚಾರವೇಕೆ ಎಂದು ಕೆಲವರಿಗಾದರೂ ಅನ್ನಿಸದಿರದು. ಅರಣ್ಯ, ಗಣಿಗಾರಿಕೆ, ಅಣೆಕಟ್ಟು, ಹೆದ್ದಾರಿಗಳ ಕುರಿತು ಬರೆಯುವ ಪುಟಗಳಲ್ಲಿ ಸೈಕಲ್ ತುಳಿಯುವವರ ಪಾದರಕ್ಷೆಯ ಚರ್ಚೆ ತೀರ ಸಣ್ಣದೆಂದು ತೋರುವುದು ಸಹಜ. ಆದರೆ ಘಟ್ಟದ ರಸ್ತೆಗಳನ್ನು ಮಿತಿಮೀರಿ ಅಗಲಗೊಳಿಸಬೇಡಿ, ಗುಡ್ಡಗಳನ್ನು ಕಡಿದಾಗಿ ಕೊರೆಯಬೇಡಿ ಎಂದು ಒತ್ತಾಯಿಸುತ್ತ ಬಂದಿರುವ ನಾವು, ಹಾಗಾದರೆ ಜನ ಹೇಗೆ ಓಡಾಡಬೇಕು ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಬಸ್ಸು ಆ ಉತ್ತರದ ಒಂದು ಭಾಗವಾದರೆ ಸೈಕಲ್ ಇನ್ನೊಂದು ಭಾಗ. ಶಾಲೆಗೆ, ಹಾಲಿನ ಡೇರಿಗೆ, ಸೊಸೈಟಿಗೆ, ಬಸ್ ನಿಲ್ದಾಣಕ್ಕೆ ಹೋಗುವ ಐದಾರು ಕಿಲೋಮೀಟರಿನ ದಾರಿಗೆ ಅದಕ್ಕಿಂತ ಮಿತವ್ಯಯದ, ಸದ್ದಿಲ್ಲದ ವಾಹನ ಬೇರೊಂದಿಲ್ಲ.

2006-07ನೇ ಸಾಲಿನಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗ ಮಲೆನಾಡಿನ ಅನೇಕ ಮನೆಗಳಿಗೆ ಮೊದಲ ಸೈಕಲ್ ಬಂದಿತು. ಮಕ್ಕಳು ಕಾಲೇಜು ಮೆಟ್ಟಿಲೇರುತ್ತಿದ್ದಂತೆ ಅವುಗಳಲ್ಲಿ ಎಷ್ಟೋ ಸೈಕಲ್ಲುಗಳು ಕೊಟ್ಟಿಗೆಯ ಮಾಡಿನಡಿ ಸೇರಿದವು. ಅಂಗಳಕ್ಕೆ ಮೋಟಾರ್ ಬೈಕು ಬಂದು ನಿಂತಿತು. ಈಗ ಗೇರಿನ ಸೈಕಲ್ಲುಗಳನ್ನು ಹಿಡಿದು ಮತ್ತೆ ಡಾಂಬರು ರಸ್ತೆಗೆ ಇಳಿಯುತ್ತಿರುವ ತರುಣ ತರುಣಿಯರೂ ನಮ್ಮ ನಡುವೆ ಇದ್ದಾರೆ. ಇವರಿಗೆ ಮೊದಲ ವರ್ಷದಲ್ಲೇ ಎದುರಾಗುವ ಪ್ರಶ್ನೆ ಪಾದರಕ್ಷೆಯದು. ಸೈಕಲ್ ತುಳಿಯಲೆಂದೇ ಮಾಡಿದ ಬೂಟುಗಳಲ್ಲಿ 'ರೋಡ್' ಎಂದು ಒಂದು ಬಗೆ, 'ಮೌಂಟನ್' ಎಂದು ಇನ್ನೊಂದು ಬಗೆ. ನಾವು ಓಡಿಸುವುದು ಡಾಂಬರು ರಸ್ತೆಯಲ್ಲಿ, ಆದ್ದರಿಂದ ನಮಗೆ ಬೇಕಾದದ್ದು ರೋಡ್ ಬೂಟು ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ತೀರ್ಮಾನ ತಪ್ಪು ಎಂಬುದು ನನ್ನ ವಾದ. ಬೂಟಿನ ಪೆಟ್ಟಿಗೆಯ ಮೇಲೆ ಬರೆದ ಹೆಸರನ್ನು ನೋಡಿ ಬೂಟು ಆರಿಸಬಾರದು. ಸೈಕಲ್ಲಿನಿಂದ ಇಳಿದ ಮೇಲೆ ನಾವು ನಡೆಯಬೇಕಾದ ನೆಲವನ್ನು ನೋಡಿ ಆರಿಸಬೇಕು. ಹಾಗೆ ನೋಡಿದರೆ ಘಟ್ಟದ ಡಾಂಬರು ರಸ್ತೆಗೂ ಬೆಟ್ಟದ ಸೈಕಲ್ಲಿನ ಬೂಟೇ ಸರಿ.

ಎರಡು ಬೂಟುಗಳ ಹುಟ್ಟು

ಈ ಎರಡು ಬಗೆಗಳ ವ್ಯತ್ಯಾಸ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಹುಕಾಲ ಸೈಕಲ್ ಸ್ಪರ್ಧಿಗಳು ಪೆಡಲಿಗೆ ಲೋಹದ ಪಂಜರವನ್ನೂ ಚರ್ಮದ ಪಟ್ಟಿಯನ್ನೂ ಜೋಡಿಸಿ ಅದರೊಳಗೆ ಪಾದವನ್ನು ಬಿಗಿದುಕೊಳ್ಳುತ್ತಿದ್ದರು. ಬಿದ್ದಾಗ ಪಾದ ಬಿಡಿಸಿಕೊಳ್ಳಲು ಕೈಯಿಂದ ಪಟ್ಟಿ ಸಡಿಲಿಸಬೇಕಿತ್ತು. 1984ರಲ್ಲಿ ಫ್ರಾನ್ಸಿನ ಲುಕ್ ಎಂಬ ಕಂಪೆನಿ ಹೊಸ ಪೆಡಲನ್ನು ತಂದಿತು. ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟನ್ನು ಕಚ್ಚಿಸುವ ಸಾಧನಗಳನ್ನು ಮಾಡುತ್ತಿದ್ದ ಕಂಪೆನಿ ಅದು. ಬೂಟಿನ ಅಟ್ಟೆಗೆ ಒಂದು ಕಚ್ಚು ಕೂರಿಸುವುದು, ಅದು ಪೆಡಲಿನ ಸ್ಪ್ರಿಂಗಿನಲ್ಲಿ ಸಿಕ್ಕಿಕೊಳ್ಳುವುದು, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುವುದು: ಇದು ಅದರ ಕ್ರಮ. ಈ ಕಚ್ಚಿಗೆ ಕ್ಲೀಟ್ ಎಂದು ಹೆಸರು. 1985ರಲ್ಲಿ ಬರ್ನಾರ್ಡ್ ಹಿನೊ ಇಂಥ ಪೆಡಲ್ ತುಳಿದು ಟೂರ್ ದ ಫ್ರಾನ್ಸ್ ಗೆದ್ದ ಮೇಲೆ ರಸ್ತೆ ಸ್ಪರ್ಧಿಗಳೆಲ್ಲ ಕ್ರಮೇಣ ಇದಕ್ಕೆ ಒಗ್ಗಿಕೊಂಡರು.

ರೋಡ್ ಬೂಟು ಎನ್ನುವುದು ಈ ಪರಂಪರೆಯದು. ಅದರ ಅಟ್ಟೆ ಗಟ್ಟಿ ನೈಲಾನಿನದು ಅಥವಾ ಕಾರ್ಬನ್ ನಾರಿನದು. ಹಲಗೆಯಂತೆ ಬಾಗದೆ ನಿಲ್ಲುತ್ತದೆ. ಅದರಡಿ ಮೂರು ತಿರುಪುಗಳಿಂದ ಕೂರಿಸಿದ ಅಗಲವಾದ ಪ್ಲಾಸ್ಟಿಕ್ ಕ್ಲೀಟ್ ಹೊರಗೆ ಚಾಚಿಕೊಂಡಿರುತ್ತದೆ. ಅದನ್ನು ಮೆಟ್ಟಿ ನಿಂತರೆ ನೆಲಕ್ಕೆ ತಾಗುವುದು ಅಟ್ಟೆಯಲ್ಲ, ಆ ಪ್ಲಾಸ್ಟಿಕ್ ತುಂಡು. ಮುಂಗಾಲು ಮೇಲೆ, ಹಿಮ್ಮಡಿ ಕೆಳಗೆ, ಬಾತುಕೋಳಿಯ ನಡಿಗೆ. ಸ್ಪರ್ಧಿಯು ಹೊರಡುವಾಗ ಒಮ್ಮೆ, ಮುಗಿಸಿದಾಗ ಒಮ್ಮೆ ನಾಲ್ಕು ಹೆಜ್ಜೆ ಇಡುತ್ತಾನೆ. ಚಕ್ರ ಒಡೆದರೆ ಹಿಂದಿನ ಕಾರಿನಿಂದ ಬೇರೆ ಚಕ್ರ ಬರುತ್ತದೆ. ಅವನಿಗೆ ನಡಿಗೆಯ ಚಿಂತೆಯಿಲ್ಲ.

ಇನ್ನೊಂದು ಬಗೆಯ ಪೆಡಲನ್ನು ಜಪಾನಿನ ಶಿಮಾನೊ ಕಂಪೆನಿ 1990ರಲ್ಲಿ ಬೆಟ್ಟದ ಸೈಕಲ್ಲುಗಳಿಗಾಗಿ ಹೊರತಂದಿತು. ಎಸ್‌ಪಿಡಿ ಎಂದು ಅದರ ಹೆಸರು. ಬೆಟ್ಟದ ಸವಾರ ಆಗಾಗ ಇಳಿಯುತ್ತಾನೆ, ಸೈಕಲ್ಲನ್ನು ತಳ್ಳುತ್ತಾನೆ, ಕೆಲವೊಮ್ಮೆ ಹೊತ್ತೇ ಸಾಗುತ್ತಾನೆ ಎಂಬ ತಿಳಿವಳಿಕೆ ಆ ವಿನ್ಯಾಸದ ತಿರುಳು. ಎರಡೇ ತಿರುಪುಗಳ, ಹೆಬ್ಬೆರಳಿಗಿಂತ ಹೆಚ್ಚು ಅಗಲವಿಲ್ಲದ ಉಕ್ಕಿನ ಕ್ಲೀಟ್. ಅದು ಅಟ್ಟೆಯ ನಡುವಿನ ತಗ್ಗಿನಲ್ಲಿ ಹುದುಗಿರುತ್ತದೆ. ಸುತ್ತಲೂ ರಬ್ಬರಿನ ಗಟ್ಟಿ ಹಲ್ಲುಗಳು. ಇಳಿದು ನಡೆದಾಗ ನೆಲ ಮುಟ್ಟುವುದು ರಬ್ಬರು. ಅಟ್ಟೆ ಅಂಗಾಲಿನ ಭಾಗದಲ್ಲಿ ಬಿಗಿಯಾಗಿದ್ದು ಬೆರಳುಗಳ ಬಳಿ ತುಸು ಬಾಗುತ್ತದೆ. ಪೆಡಲು ಕೂಡ ಎರಡೂ ಬದಿಯಿಂದ ಕಚ್ಚುವಂಥದು ಸಿಗುತ್ತದೆ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಯಾವ ಬದಿ ಮೇಲಿದೆ ಎಂದು ಬಗ್ಗಿ ನೋಡಬೇಕಾಗಿಲ್ಲ.

ನಮ್ಮ ರಸ್ತೆ ಎಂಥದು?

ಈಗ ನಮ್ಮ ರಸ್ತೆಯನ್ನು ನೆನೆಯಿರಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ಅದು. ಹೆಸರಿಗೆ ಡಾಂಬರು ರಸ್ತೆ. ಅದರ ಅಂಚಿನಲ್ಲಿ ಮಳೆನೀರು ತಂದು ಹಾಕಿದ ಜಲ್ಲಿ, ಕೊಳೆತ ಎಲೆ, ಪಾಚಿ. ಎದುರಿನಿಂದ ಬಸ್ಸು ಬಂದರೆ ಸೈಕಲ್ಲಿನವರು ಅಂಚಿಗೆ ಸರಿದು ಕಾಲೂರಲೇಬೇಕು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತದ್ದನ್ನು ಕಂಡಿದ್ದೇವೆ. ಅಷ್ಟು ದೊಡ್ಡ ಕುಸಿತವಲ್ಲದಿದ್ದರೂ ಮಳೆಗಾಲದಲ್ಲಿ ರಸ್ತೆಗೆ ಮಣ್ಣು ಜಾರುವುದು, ಮರ ಉರುಳುವುದು ನಮಗೆ ಹೊಸತಲ್ಲ. ಅಂಥಲ್ಲಿ ಇಳಿದು, ಕೆಸರಿನಲ್ಲಿ ಹತ್ತಾರು ಮಾರು ಸೈಕಲ್ ತಳ್ಳಿಯೇ ದಾಟಬೇಕು. ಇನ್ನು ನೇರ ಏರಿನಲ್ಲಿ ಉಸಿರು ಸಾಲದೆ ಇಳಿದು ನಡೆಯುವುದು ನಾಚಿಕೆಯ ಮಾತೇನೂ ಅಲ್ಲ.

ಡಾಂಬರು ಮುಗಿದ ಮೇಲೂ ನಮ್ಮ ದಾರಿ ಮುಗಿಯುವುದಿಲ್ಲ. ಬಹಳಷ್ಟು ಮನೆಗಳು ರಸ್ತೆಯಿಂದ ದೂರ, ತೋಟದಾಚೆ, ಹಳ್ಳದಾಚೆ. ಜಂಬಿಟ್ಟಿಗೆಯ ಮೆಟ್ಟಿಲು, ಗದ್ದೆಯ ಅಂಚು, ತೋಟದ ಕಪ್ಪು, ಅಡಿಕೆ ಮರ ಕಡಿದು ಹಾಸಿದ ಕಾಲುಸಂಕ. ಇಲ್ಲೆಲ್ಲ ರೋಡ್ ಬೂಟಿನ ಪ್ಲಾಸ್ಟಿಕ್ ಕ್ಲೀಟಿನ ಮೇಲೆ ನಡೆಯುವುದೆಂದರೆ ಮೂಳೆ ಮುರಿಯುವುದಕ್ಕೆ ಆಹ್ವಾನ ಕೊಟ್ಟಂತೆ. ಕಲ್ಲು ಜಲ್ಲಿಯ ಮೇಲೆ ಆ ಕ್ಲೀಟ್ ಬೇಗನೆ ಸವೆಯುತ್ತದೆ. ಅದರ ಸಂದಿಗೆ ಕೆಸರು ತುಂಬಿದರೆ ಮತ್ತೆ ಪೆಡಲಿಗೆ ಕಚ್ಚುವುದಿಲ್ಲ. ಬೆಟ್ಟದ ಬೂಟೂ ಸರ್ವಸಮರ್ಥವಲ್ಲ ಎಂಬುದನ್ನು ಹೇಳಲೇಬೇಕು. ನುಣುಪು ಬಂಡೆಯ ಮೇಲೆ ಅದರ ಉಕ್ಕಿನ ತುಂಡು ತಗುಲಿದರೆ ಜಾರುತ್ತದೆ. ಒದ್ದೆ ಸಂಕ ದಾಟುವಾಗಲಂತೂ ಯಾವ ಬೂಟೂ ಬೇಡ. ಕಳಚಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ದಾಟುವುದೇ ಕ್ಷೇಮ.

ರಸ್ತೆ ಸವಾರಿಗೆ ಬೆಟ್ಟದ ಬೂಟು ಎಂಬುದು ನಮ್ಮ ಬಡತನಕ್ಕೆ ಹುಡುಕಿಕೊಂಡ ಸಮಾಧಾನವೂ ಅಲ್ಲ. ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯನ್ನು ನೋಡಿ. 1891ರಲ್ಲಿ ಸ್ಪರ್ಧೆಯಾಗಿ ಆರಂಭವಾದದ್ದು ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಗೆಲುವು ಸೋಲುಗಳಿಲ್ಲದ ದೀರ್ಘ ಪಯಣ. 1,200 ಕಿಲೋಮೀಟರನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಮುಗಿಸಬೇಕು. 2019ರಲ್ಲಿ, 2023ರಲ್ಲಿ ಭಾರತದಿಂದ ನೂರಾರು ಮಂದಿ ಅದರಲ್ಲಿ ಪಾಲ್ಗೊಂಡರು. ಅದಕ್ಕೆ ಅರ್ಹತೆ ಪಡೆಯಲು ತುಳಿಯಬೇಕಾದ 200, 300, 400, 600 ಕಿಲೋಮೀಟರುಗಳ ಬ್ರೆವೆ ಸವಾರಿಗಳು ಬೆಂಗಳೂರಿನಿಂದಲೂ ನಡೆಯುತ್ತವೆ. ಈ ಸವಾರರು ಅಲ್ಲಲ್ಲಿ ಇಳಿದು ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು, ಊಟ ಹುಡುಕಬೇಕು, ಟ್ಯೂಬಿಗೆ ತಾವೇ ಪಂಕ್ಚರ್ ಹಾಕಬೇಕು. ಡಾಂಬರು ರಸ್ತೆಯಲ್ಲೇ ಹಗಲೂ ರಾತ್ರಿ ತುಳಿಯುವ ಇವರಲ್ಲಿ ಬಹಳ ಮಂದಿ ಧರಿಸುವುದು ಎರಡು ತಿರುಪಿನ ಬೆಟ್ಟದ ಬೂಟನ್ನೇ. ಇಳಿದು ನಡೆಯುವವರ ಅನುಭವವು ಎಲ್ಲ ದೇಶಗಳಲ್ಲೂ ಒಂದೇ ತೀರ್ಮಾನಕ್ಕೆ ಬಂದಿದೆ ಎಂದಾಯಿತು.

ಆಕ್ಷೇಪಗಳಿಗೆ ಉತ್ತರ

ರೋಡ್ ಬೂಟಿನ ಪರವಾಗಿ ಹೇಳುವ ಮಾತುಗಳಲ್ಲಿ ಹುರುಳಿಲ್ಲವೆಂದಲ್ಲ. ಅದು ಹಗುರ, ಅದರ ಅಟ್ಟೆ ಬಾಗದ ಕಾರಣ ತುಳಿದ ಬಲ ವ್ಯರ್ಥವಾಗದು, ಅಗಲ ಕ್ಲೀಟಿನಿಂದ ಒತ್ತಡ ಪಾದದ ತುಂಬ ಹರಡುತ್ತದೆ ಎಂಬ ಮೂರು ವಾದಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ತೂಕದ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಹುದು. ಎರಡು ಬಗೆಯ ಬೂಟುಗಳ ಜೊತೆಗಳ ನಡುವೆ ಇರುವ ಅಂತರ ಸಾಮಾನ್ಯವಾಗಿ 200ರಿಂದ 300 ಗ್ರಾಂ. ಸವಾರನ ತೂಕ 60 ಕಿಲೋ, ಸೈಕಲ್ಲಿನದು 15 ಕಿಲೋ ಎಂದಿಟ್ಟುಕೊಂಡರೆ ಒಟ್ಟು 75 ಕಿಲೋ. ಅದರಲ್ಲಿ 300 ಗ್ರಾಂ ಎಂದರೆ ನೂರಕ್ಕೆ 0.4 ಪಾಲು. ಒಂದು ಗಂಟೆ ಹಿಡಿಯುವ ಏರಿನಲ್ಲಿ ಇದರಿಂದ ಆಗುವ ನಷ್ಟ ಸುಮಾರು 15 ಸೆಕೆಂಡು. ಸ್ಪರ್ಧೆಯಲ್ಲಿ ಅದು ದೊಡ್ಡದು. ಬಸ್ಸಿಗೆ, ಕಾಲೇಜಿಗೆ, ಡೇರಿಗೆ ಹೋಗುವವರಿಗೆ ಏನೂ ಅಲ್ಲ. ಚೀಲದಲ್ಲಿಟ್ಟ ಒಂದು ಲೀಟರ್ ನೀರಿನ ತೂಕ ಇದರ ಮೂರು ಪಟ್ಟಿಗೂ ಹೆಚ್ಚು.

ಬಲದ ವಿಚಾರಕ್ಕೆ ಬಂದರೆ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2016ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಚಪ್ಪಟೆ ಪೆಡಲಿನ ಮೇಲೆ ಮಾಮೂಲಿ ಓಟದ ಬೂಟು, ಪಂಜರದ ಪೆಡಲಿನಲ್ಲಿ ಅದೇ ಬೂಟು, ಕ್ಲೀಟಿನ ಸೈಕಲ್ ಬೂಟು ಈ ಮೂರನ್ನೂ ಸವಾರರಿಗೆ ಕೊಟ್ಟು ದೇಹ ವ್ಯಯಿಸುವ ಶಕ್ತಿಯನ್ನು ಅಳೆದರು. ಸಾಧಾರಣ ಬಲದಿಂದ ಒಂದೇ ಸಮನೆ ತುಳಿಯುವಾಗ ಮೂರರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪೂರ್ಣ ಬಲ ಹಾಕಿ ಕೆಲವೇ ಸೆಕೆಂಡು ನುಗ್ಗುವ ಸ್ಪರ್ಧಿಯ ಮಾತು ಬೇರೆ. ಅಲ್ಲಿ ಕ್ಲೀಟಿನಿಂದ ಲಾಭವಿದೆ. ದಿನನಿತ್ಯದ ಸವಾರನಿಗೆ ಕ್ಲೀಟಿನ ನಿಜವಾದ ಉಪಕಾರ ಬೇರೆಯದು. ಮಳೆಯಲ್ಲಿ ಪೆಡಲಿನಿಂದ ಪಾದ ಜಾರುವುದಿಲ್ಲ, ಗಂಟೆಗಟ್ಟಲೆ ತುಳಿದರೂ ಪಾದ ಒಂದೇ ಸ್ಥಾನದಲ್ಲಿರುತ್ತದೆ. ಆ ಉಪಕಾರ ಬೆಟ್ಟದ ಬೂಟಿನಿಂದಲೂ ಅಷ್ಟೇ ಸಿಗುತ್ತದೆ.

ಮೂರನೆಯ ವಾದದಲ್ಲಿ ಸ್ವಲ್ಪ ಸತ್ಯವಿದೆ. ಮೆತ್ತನೆಯ ಅಟ್ಟೆಯಡಿ ಸಣ್ಣ ಕ್ಲೀಟ್ ಇದ್ದರೆ ಮೂರು ನಾಲ್ಕು ಗಂಟೆಗಳ ನಂತರ ಮುಂಗಾಲಿನಲ್ಲಿ ಉರಿ ಕಾಣಿಸಬಹುದು. ಅದಕ್ಕೆ ಪರಿಹಾರ ರೋಡ್ ಬೂಟಲ್ಲ; ಅಂಗಾಲಿನಲ್ಲಿ ಚೆನ್ನಾಗಿ ಬಿಗಿಯಿರುವ ಬೆಟ್ಟದ ಬೂಟನ್ನೇ ಆರಿಸುವುದು.

ಎಲ್ಲರಿಗೂ ಈ ಬೂಟು ಬೇಕೆ?

ಬೇಡ. ಇದನ್ನು ಒತ್ತಿ ಹೇಳಬೇಕಾಗಿದೆ. ವಿಶೇಷ ಬೂಟು, ವಿಶೇಷ ಬಟ್ಟೆ ಇಲ್ಲದವರು ಸೈಕಲ್ ಸವಾರರೇ ಅಲ್ಲ ಎಂಬ ಭಾವನೆ ಕೊಳ್ಳುಬಾಕ ಸಂಸ್ಕೃತಿಯ ಕೊಡುಗೆ. ಸಾವಿರಾರು ರೂಪಾಯಿಯ ಬೂಟು ಕೊಳ್ಳಲಾಗದ ವಿದ್ಯಾರ್ಥಿ ಇದರಿಂದ ಹಿಂಜರಿದು ಸೈಕಲ್ಲನ್ನೇ ಬಿಟ್ಟರೆ ನಷ್ಟ ಅವನೊಬ್ಬನದಲ್ಲ. ಹತ್ತು ಕಿಲೋಮೀಟರಿನೊಳಗೆ ಓಡಾಡುವವರಿಗೆ ಮನೆಯಲ್ಲಿರುವ ಗಟ್ಟಿ ಅಟ್ಟೆಯ ಕ್ಯಾನ್‌ವಾಸ್ ಬೂಟು, ಶಾಲೆಯ ಬೂಟು ಸಾಕು. ಪೆಡಲು ಮಾತ್ರ ಹಿಡಿತವಿರುವ ಚಪ್ಪಟೆ ಪೆಡಲಾಗಿರಬೇಕು. ಹವಾಯಿ ಚಪ್ಪಲಿಯನ್ನು ಮಾತ್ರ ಘಾಟಿ ಸವಾರಿಗೆ ಯಾರೂ ಬಳಸದಿರಲಿ. ಒದ್ದೆಯಾದಾಗ ಅದು ಪಾದದಿಂದಲೂ ಪೆಡಲಿನಿಂದಲೂ ಜಾರುತ್ತದೆ. ಇಳಿಜಾರಿನಲ್ಲಿ ಬೆರಳುಗಳಿಗೆ ರಕ್ಷಣೆಯೇ ಇಲ್ಲ.

ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ತುಳಿಯುವವರು, ಘಾಟಿ ಹತ್ತಿಳಿಯುವವರು, ದೂರದ ಜಾಥಾಗಳಿಗೆ ಹೊರಡುವವರು ಮಾತ್ರ ಬೆಟ್ಟದ ಬೂಟಿನ ವಿಚಾರ ಮಾಡಿದರೆ ಸಾಕು. ಅಂಥವರೂ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಕ್ಲೀಟ್ ಕಚ್ಚುವ ಪೆಡಲನ್ನು ಹಾಕಿಸಿಕೊಳ್ಳುವುದು ಮೇಲು. ಆಗ ಮನೆಯ ಒಂದೇ ಸೈಕಲ್ಲನ್ನು ಅಪ್ಪ ಚಪ್ಪಲಿ ಮೆಟ್ಟಿ ಡೇರಿಯವರೆಗೂ, ತಂಗಿ ಶಾಲೆಯ ಬೂಟಿನಲ್ಲಿ ಶಾಲೆಗೂ ಒಯ್ಯಬಹುದು. ಒಬ್ಬರ ಬೂಟಿಗಾಗಿ ಉಳಿದವರು ಸೈಕಲ್ ಬಳಸದಂತಾಗಬಾರದು. ಪೆಡಲನ್ನು ತಾವೇ ಬದಲಿಸುವವರು ಎಡಗಡೆಯ ಪೆಡಲಿನ ಮರೆ ತಿರುಗುಮುರುಗು ಎಂಬುದನ್ನು ಮರೆಯದಿರಲಿ. ಬಿಚ್ಚುವ ಭ್ರಮೆಯಲ್ಲಿ ಬಿಗಿದು ಮರೆ ಕೆಡಿಸಿಕೊಂಡವರು ಬಹಳ.

ಕೊಳ್ಳುವಾಗ ನೋಡಬೇಕಾದದ್ದು

ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದುಕೊಂಡು ಹೋಗಿ. ಒಂದು ಕಂಪೆನಿಯ 42 ಇನ್ನೊಂದು ಕಂಪೆನಿಯ 43 ಆಗಿರಬಹುದು. ಸಂಜೆಯ ಹೊತ್ತು ಪಾದ ತುಸು ಊದಿಕೊಂಡಿರುತ್ತದೆ; ಆಗಲೇ ತೊಟ್ಟು ನೋಡುವುದು ಒಳ್ಳೆಯದು. ಬೆರಳುಗಳು ಆಡುವಷ್ಟು ಎಡೆಯಿರಬೇಕು, ಹಿಮ್ಮಡಿ ಮೇಲೇಳಬಾರದು. ಬರಿಗಾಲಿನಲ್ಲಿ ಬೆಳೆದ ನಮ್ಮವರ ಪಾದಗಳು ಮುಂಭಾಗದಲ್ಲಿ ಅಗಲ. ಇಕ್ಕಟ್ಟಾದ ಬೂಟು ತೊಟ್ಟು ಕ್ರಮೇಣ ಸಡಿಲವಾದೀತೆಂದು ಕಾಯಬೇಡಿ.

ಬೂಟನ್ನು ಎರಡೂ ಕೈಗಳಿಂದ ಬಾಗಿಸಿ ನೋಡಿ. ಬೆರಳುಗಳ ಬಳಿ ಸ್ವಲ್ಪ ಬಾಗಲಿ. ನಡುವೆ ಬಾಗಿದರೆ ಬೇಡ. ಅಟ್ಟೆಯ ಹಲ್ಲುಗಳು ರಬ್ಬರಿನವೇ, ಗಡಸು ಪ್ಲಾಸ್ಟಿಕ್ಕಿನವೇ ಎಂದು ಉಗುರಿನಿಂದ ಒತ್ತಿ ತಿಳಿಯಿರಿ. ಪ್ಲಾಸ್ಟಿಕ್ಕಿನ ಹಲ್ಲು ಒದ್ದೆ ಸಿಮೆಂಟಿನ ಮೇಲೆ ನಿಲ್ಲದು. ಕ್ಲೀಟಿನ ತಗ್ಗು ಆಳವಾಗಿರಬೇಕು. ಸಮತಟ್ಟಾದ ನೆಲದ ಮೇಲೆ ನಿಂತಾಗ ಉಕ್ಕು ಸದ್ದು ಮಾಡಬಾರದು. ಬಿಗಿಯುವ ಕ್ರಮದಲ್ಲಿ ಲೇಸು, ಅಂಟುಪಟ್ಟಿ, ತಿರುಗಿಸುವ ಗುಂಡಿ ಎಂಬ ಮೂರು ಬಗೆಗಳುಂಟು. ಗುಂಡಿ ನೋಡಲು ಚೆಂದ, ಕೆಟ್ಟರೆ ಅದರ ಬಿಡಿಭಾಗ ನಮ್ಮ ಪೇಟೆಯಲ್ಲಿ ಸಿಗುವುದು ಕಷ್ಟ. ಲೇಸು ಹರಿದರೆ ಸಂತೆಯಲ್ಲೂ ಸಿಗುತ್ತದೆ. ಅದರ ತುದಿ ಸರಪಣಿಗೆ ಸಿಲುಕದಂತೆ ಒಳಗೆ ಸಿಕ್ಕಿಸಿದರಾಯಿತು. ಅಟ್ಟೆಯ ಸುತ್ತ ಅಂಟಿನ ಜೊತೆಗೆ ಹೊಲಿಗೆಯೂ ಇದ್ದರೆ ಬಾಳಿಕೆ ಹೆಚ್ಚು.

ಕ್ಲೀಟನ್ನು ಹೆಬ್ಬೆರಳಿನ ಬುಡದ ಉಬ್ಬು ಪೆಡಲಿನ ಅಚ್ಚಿನ ಮೇಲೆ, ಅಥವಾ ಅದಕ್ಕಿಂತ ಒಂದಿಷ್ಟು ಮುಂದೆ ಬರುವಂತೆ ಕೂರಿಸಬೇಕು. ಪಾದ ಸಹಜವಾಗಿ ಯಾವ ಕಡೆಗೆ ತಿರುಗಿರುತ್ತದೋ ಕ್ಲೀಟೂ ಅದನ್ನೇ ಅನುಸರಿಸಲಿ. ಇದು ತಪ್ಪಿದರೆ ಮೊಣಕಾಲು ನೋಯುತ್ತದೆ. ಪೆಡಲಿನ ಸ್ಪ್ರಿಂಗನ್ನು ಮೊದಮೊದಲು ಸಡಿಲವಾಗಿಡಿ. ಘಾಟಿಗೆ ಇಳಿಯುವ ಮುನ್ನ ಶಾಲೆಯ ಮೈದಾನದ ಹುಲ್ಲಿನ ಮೇಲೆ ಕಚ್ಚಿಸುವುದನ್ನೂ ಬಿಡಿಸುವುದನ್ನೂ ಎರಡು ದಿನ ಅಭ್ಯಾಸ ಮಾಡಿ. ನಿಲ್ಲುವಾಗ ಪಾದ ಬಿಡಿಸಲು ಮರೆತು ಒಂದೆರಡು ಸಲ ಬೀಳುವುದು ಎಲ್ಲರಿಗೂ ಕಟ್ಟಿಟ್ಟದ್ದು. ಆ ಬೀಳುವಿಕೆ ಹುಲ್ಲಿನ ಮೇಲೆ ಆಗಲಿ, ಬಸ್ಸಿನ ಮುಂದೆ ಬೇಡ.

ಮಳೆಗಾಲದ ಆರೈಕೆ

ನಮ್ಮಲ್ಲಿ ಬೂಟು ಸವೆದು ಹಾಳಾಗುವುದಕ್ಕಿಂತ ಕೊಳೆತು ಹಾಳಾಗುವುದೇ ಹೆಚ್ಚು. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆ ತೇವ ಮತ್ತು ಬಿಸಿಗೆ ಒಳಗೊಳಗೇ ವಿಘಟಿಸುತ್ತದೆ. ಅಟ್ಟದ ಮೇಲೆ ಬಳಸದೆ ಇಟ್ಟ ಬೂಟು ಎರಡು ಮೂರು ವರ್ಷದ ನಂತರ ತೊಟ್ಟಾಗ ಪುಡಿಪುಡಿಯಾಗಿ ಉದುರುವುದಕ್ಕೆ ಇದೇ ಕಾರಣ. ಆದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದು ಎರಡು ಜೊತೆ ಕೊಂಡಿಡುವುದು ಜಾಣತನವಲ್ಲ. ಒದ್ದೆ ಬೂಟಿಗೆ ಹಳೆಯ ಪತ್ರಿಕೆಯ ಉಂಡೆಗಳನ್ನು ತುರುಕಿ, ಗಂಟೆಗೊಮ್ಮೆ ಬದಲಿಸಿ, ಗಾಳಿಯಾಡುವಲ್ಲಿ ಇಡಬೇಕು. ಬಚ್ಚಲೊಲೆಯ ಬಳಿ ಇಟ್ಟರೆ ಬೇಗ ಒಣಗುವುದು ನಿಜ. ಅಂಟು ಬಿಟ್ಟುಕೊಳ್ಳುವುದೂ ಅಷ್ಟೇ ನಿಜ. ಒಳ ಅಟ್ಟೆಯನ್ನು ಹೊರತೆಗೆದು ಬೇರೆಯಾಗಿ ಒಣಗಿಸಿ. ಅದರಡಿಯಲ್ಲಿ ಉಂಬಳ ಕುಳಿತಿದ್ದರೂ ಆಗಲೇ ಕಂಡೀತು.

ಕ್ಲೀಟಿನ ತಿರುಪುಗಳು ಉಕ್ಕಿನವು. ಕೂರಿಸುವಾಗಲೇ ಗ್ರೀಸ್ ಹಚ್ಚದಿದ್ದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕೂರುತ್ತವೆ. 4 ಮಿಲಿಮೀಟರಿನ ಅಲೆನ್ ಕೀ ಒಂದಿದ್ದರೆ ಈ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ತಿರುಪಿನ ತೂತಿನಿಂದ ನೀರು ಒಳಗೆ ಬರುತ್ತದೆಂದಾದರೆ ಹಳೆಯ ಟ್ಯೂಬಿನ ತುಂಡೊಂದನ್ನು ಒಳ ಅಟ್ಟೆಯಡಿ ಅಂಟಿಸಿದರೆ ಆಯಿತು. ಅಟ್ಟೆ ಬಾಯಿಬಿಟ್ಟಾಗ ಬೂಟನ್ನು ಎಸೆಯುವ ಮೊದಲು ಪೇಟೆಯಲ್ಲಿ ಚಪ್ಪಲಿ ಹೊಲಿಯುವವರ ಬಳಿ ಒಯ್ಯಿರಿ. ಸವೆದ ಹಿಮ್ಮಡಿಗೆ ಹಳೆಯ ಟೈರಿನ ತುಂಡು ಹಾಕಿ ಹೊಲಿಯಬಲ್ಲ ಆ ಕೈಗಳು ಬೂಟಿಗೆ ಇನ್ನೆರಡು ವರ್ಷ ಆಯುಸ್ಸು ಕೊಡಬಲ್ಲವು. ಎಲ್ಲವನ್ನೂ ಎಸೆದು ಹೊಸತು ಕೊಳ್ಳುವ ನಮ್ಮ ಅಭ್ಯಾಸದಿಂದ ಮೊದಲು ಕೆಲಸ ಕಳೆದುಕೊಳ್ಳುವವರೂ ಅವರೇ.

ಪರಿಸರದ ಲೆಕ್ಕ

ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2013ರಲ್ಲಿ ಓಟದ ಬೂಟಿನ ಕುರಿತು ಒಂದು ಲೆಕ್ಕ ಪ್ರಕಟಿಸಿದರು. ಒಂದು ಜೊತೆ ಬೂಟಿನಲ್ಲಿ 65 ಬಿಡಿಭಾಗಗಳು, ಅದನ್ನು ಮಾಡಲು 360 ಹಂತಗಳು, ಅದರಿಂದ ಹೊರಬೀಳುವ ಇಂಗಾಲದ ಡೈ ಆಕ್ಸೈಡ್ ಸುಮಾರು 14 ಕಿಲೋ. ಅದರಲ್ಲಿ ಹೆಚ್ಚಿನ ಪಾಲು ಕಾರ್ಖಾನೆಯಲ್ಲೇ ಹೊರಬೀಳುತ್ತದೆ. ಸೈಕಲ್ ಬೂಟಿನ ಲೆಕ್ಕ ಇದಕ್ಕಿಂತ ತುಸು ಹೆಚ್ಚು ಕಡಿಮೆ ಇರಬಹುದು. ಅಂದಾಜಿಗೆ ಇದು ಸಾಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಅಂದರೆ ಒಂದು ಜೊತೆ ಬೂಟು ಆರು ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕಿನಲ್ಲಿ ಸುಮಾರು 300 ಕಿಲೋಮೀಟರ್.

ಈ ಲೆಕ್ಕವನ್ನು ಎರಡು ರೀತಿಯಲ್ಲಿ ಓದಬಹುದು. ದಿನಕ್ಕೆ ಹತ್ತು ಕಿಲೋಮೀಟರ್ ಬೈಕ್ ಬಿಟ್ಟು ಸೈಕಲ್ ತುಳಿಯುವವರು ಒಂದೇ ತಿಂಗಳಲ್ಲಿ ಬೂಟಿನ ಋಣ ತೀರಿಸುತ್ತಾರೆ, ಅನಂತರದ್ದೆಲ್ಲ ಉಳಿತಾಯ. ಆದರೆ ಸವಾರಿಗೊಂದು, ನಡಿಗೆಗೊಂದು, ವರ್ಷಕ್ಕೊಂದು ಹೊಸ ಮಾದರಿ ಎಂದು ಕೊಳ್ಳುತ್ತ ಹೋದವರು, ಸೈಕಲ್ಲನ್ನು ಭಾನುವಾರದ ಮೋಜಿಗೆ ಕಾರಿನ ಮೇಲೆ ಹೇರಿಕೊಂಡು ಬಂದವರು, ತಾವು ಪರಿಸರಸ್ನೇಹಿ ಎಂದು ಹೇಳಿಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು. ಸೈಕಲ್ ಇಳಿದ ಮೇಲೂ ತೊಟ್ಟುಕೊಂಡೇ ಇರಬಹುದಾದ ಒಂದೇ ಜೊತೆ ಬೂಟು ಎರಡು ಜೊತೆಯ ಕೆಲಸ ಮಾಡುತ್ತದೆ. ಬೆಟ್ಟದ ಬೂಟನ್ನು ಆರಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ನಾವು ಮಾಡಬಹುದಾದದ್ದು

1983ರಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಕಾಡಿಗೆ ನಡೆದೇ ಹೋಗಿದ್ದರು. 1987ರ ನವೆಂಬರಿನಲ್ಲಿ ಆರಂಭವಾದ ಪಶ್ಚಿಮಘಟ್ಟ ಉಳಿಸಿ ಯಾತ್ರೆ ಘಟ್ಟದ ಉದ್ದಕ್ಕೂ ಕಾಲ್ನಡಿಗೆಯಲ್ಲಿ ಸಾಗಿತು. ನಡಿಗೆಯೇ ನಮ್ಮ ಚಳವಳಿಯ ಮೂಲ. ಸೈಕಲ್ ಆ ನಡಿಗೆಯನ್ನು ದೂರಕ್ಕೆ ಒಯ್ಯುವ ಸಾಧನ. ಅದನ್ನು ಏರಿದವರು ನಡೆಯಲಾರದವರಾಗಬಾರದು. ದಾರಿಯ ಬದಿಯ ಮನೆಯ ಅಂಗಳಕ್ಕೆ ಹೋಗಿ ಮಾತನಾಡಿಸಲು, ಕುಸಿದ ಗುಡ್ಡವನ್ನು ಹತ್ತಿ ನೋಡಲು, ಹಳ್ಳದ ನೀರಿನ ಬಳಿಗೆ ಇಳಿಯಲು ಬಾರದ ಬೂಟು ನಮಗೆ ಯಾವ ಉಪಯೋಗಕ್ಕೆ?

ಆದ್ದರಿಂದ ಮೂರು ಸಲಹೆಗಳನ್ನು ಗೆಳೆಯರ ಮುಂದಿಡುತ್ತೇನೆ. ಒಂದು, ನಮ್ಮ ಸೈಕಲ್ ಜಾಥಾಗಳಲ್ಲಿ ಯಾರಿಗೂ ವಿಶೇಷ ಬೂಟು ಕಡ್ಡಾಯವಾಗಬಾರದು. ಗಟ್ಟಿ ಅಟ್ಟೆಯ ಯಾವುದೇ ಬೂಟಿಗೆ ಸ್ವಾಗತವಿರಲಿ. ಎರಡು, ಕಾಲೇಜಿನ ಪರಿಸರ ಸಂಘಗಳು ಬೇರೆ ಬೇರೆ ಅಳತೆಯ ನಾಲ್ಕಾರು ಜೊತೆ ಬೆಟ್ಟದ ಬೂಟುಗಳನ್ನೂ ಒಂದೆರಡು ಜೊತೆ ಪೆಡಲುಗಳನ್ನೂ ಸಾಮೂಹಿಕವಾಗಿ ಕೊಂಡು ಇಟ್ಟುಕೊಳ್ಳಲಿ. ಕೊಳ್ಳುವ ಮೊದಲು ವಾರವೊಂದು ತೊಟ್ಟು ನೋಡುವ ಅವಕಾಶ ಸಿಕ್ಕರೆ ಎಷ್ಟೋ ಮಂದಿಗೆ ಅದು ಬೇಡವೆಂಬುದೂ ತಿಳಿಯುತ್ತದೆ. ಮೂರು, ಓದು ಮುಗಿಸಿ ಊರು ಬಿಡುವವರು ತಮ್ಮ ಬೂಟನ್ನು ಅಟ್ಟಕ್ಕೆ ಹಾಕದೆ ಕಿರಿಯರಿಗೆ ದಾಟಿಸಲಿ.

ಈ ಬಗೆಯ ಬೂಟನ್ನು ಈಗಾಗಲೇ ಘಟ್ಟದ ರಸ್ತೆಗಳಲ್ಲಿ ಬಳಸಿದ ಓದುಗರು, ಒಂದು ಮಳೆಗಾಲ ಕಳೆದ ಮೇಲೆ ಅದರ ಸ್ಥಿತಿ ಏನಾಯಿತು, ಯಾರು ಅದನ್ನು ಹೊಲಿದುಕೊಟ್ಟರು ಎಂಬುದನ್ನು ಪತ್ರಿಕೆಗೆ ಬರೆದು ತಿಳಿಸಿದರೆ ಉಳಿದವರಿಗೆ ಅನುಕೂಲವಾದೀತು.